ಜಮಾ ಖರ್ಚು, ಬೊಳ್ಳಕುದ್ರು ಬ್ರದರ್ಸ್

ಮೊದಲ ಪುಟದಲ್ಲಿ ಚೆಂಡಿಲ್ಲ.
ದೋಣಿಗೆ ಗೇರೆಣ್ಣೆ, ಎಂಟಾಣೆ. ಹಗ್ಗ, ಆರಾಣೆ.
ಚೆಂಡು ಬಂದದ್ದು ಮೂರನೇ ಪುಟಕ್ಕೆ.
ಹೆಂಚಿನ ಕಾರ್ಖಾನೆಯ ದೂಮಪ್ಪ ಮೇಸ್ತ್ರಿ
ಬೋನಸ್ಸಿನ ದಿನ ಬಂದರಿನಲ್ಲಿ ಕೊಂಡದ್ದು,
ಹೊಲಿಗೆ ಬಿಟ್ಟದ್ದು.
ಯಾವ ಪ್ರಾಣಿಯ ತೊಗಲೋ ಎಂದು
ಒಂದು ವಾರ ಯಾರೂ ಮುಟ್ಟಲಿಲ್ಲವಂತೆ.
ಒದೆಯುವುದಕ್ಕಲ್ಲವಾ, ಉಣ್ಣುವುದಕ್ಕಾ,
ಎಂದರಂತೆ ಇದ್ದಿನಬ್ಬ ಬ್ಯಾರಿ, ಮತ್ತು ಒದ್ದರು.
ಚೆಂಡು ನೇರ ಹೊಳೆಗೆ.

ಮೂಡಲಿಗೆ ಗುರುಪುರ ಹೊಳೆ,
ಪಡುವಲಿಗೂ ಅದೇ ಹೊಳೆ.
ನಡುವೆ ಉಳಿದದ್ದು ಮೈದಾನ.
ಗೋಲಿನ ಕಂಬ, ಒಡೆದ ಮಂಜಿಯ ಕೂವೆಮರ.
ಗೆರೆಗೆ ಮರುವಾಯಿ ಚಿಪ್ಪು ಸುಟ್ಟ ಸುಣ್ಣ.
ರೆಫರಿಯ ವಾಚನ್ನು ಯಾರೂ ನಂಬುತ್ತಿರಲಿಲ್ಲ:
ಇಳಿತಕ್ಕೆ ಆಟ ಶುರು,
ಭರತದ ನೀರು ಗೋಲಿಯ ಹಿಮ್ಮಡಿ ನೆಕ್ಕಿದರೆ ಮುಗಿಯಿತು.

ಹನ್ನೆರಡನೆಯವನು ನನ್ನಪ್ಪ, ಲಾದ್ರು.
ಬೂಟಿಲ್ಲ, ಬನಿಯನ್ನಿಗೆ ನಂಬರಿಲ್ಲ,
ಒಂದು ಪಾತಿದೋಣಿ, ಒಂದು ಬಿದಿರ ಜಲ್ಲೆ.
ಚೆಂಡು ನೀರಿಗೆ ಬಿದ್ದರೆ ಆಟ ಅವನದು.
ನಾವು ಮುಂದಿದ್ದರೆ
ತಲೆಯ ಮುಂಡಾಸು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿ,
ಬೀಡಿಯ ಬೆಂಕಿಯನ್ನು ಗಾಳಿಗೆ ಮರೆಮಾಡಿ
ಆಮೇಲೆ ಜಲ್ಲೆ ಎತ್ತುತ್ತಿದ್ದ.
ಹಿಂದಿದ್ದರೆ, ದೋಣಿಗೆ ಮೂಗುದಾರವೇ ಇರಲಿಲ್ಲ.
ಉಳ್ಳಾಲದವರು ದೂರು ಕೊಟ್ಟರು.
ಲೀಗಿನಿಂದ ಠಸ್ಸೆ ಒತ್ತಿದ ಕಾಗದ ಬಂತು:
'ದೋಣಿಯವನು ಪಕ್ಷಪಾತ ಮಾಡತಕ್ಕದ್ದಲ್ಲ.'
ಅಮ್ಮ ಅದಕ್ಕೆ ಕಟ್ಟು ಹಾಕಿಸಿ
ಅಲ್ತಾರಿನ ಬದಿಯಲ್ಲಿ ತೂಗಿದಳು.
ಮದುವೆಯ ಫೋಟೋಕ್ಕೆ ಕಟ್ಟು ಇರಲಿಲ್ಲ ನಮ್ಮಲ್ಲಿ.

ಅರವತ್ತೆಂಟರ ಮೇ.
ಬಾಬು ಮೆಂಡನ್ನನ ಎಡಗಾಲು, ಒಂದೇ ಗೋಲು,
ನೆಹರೂ ಮೈದಾನದ ಧೂಳು ಇನ್ನೂ ಹಲ್ಲಿನಲ್ಲಿ.
ಆರು ಜನದ ದೋಣಿಗೆ ಹದಿನಾಲ್ಕು ಜನ,
ಎಲ್ಲರೂ ನಿಂತೇ, ಕಪ್ಪನ್ನು ತಲೆಯಿಂದ ತಲೆಗೆ ದಾಟಿಸುತ್ತ.
ಕುದ್ರುವಿನ ದೀಪ ಕಂಡಾಗ ಯಾರೋ ಕುಣಿದರು.
ಜನ ಈಜಿ ಬಂದರು. ಕಪ್ಪಿಗೆ ಈಜು ಬಾರದು.
ಮರುವಾಯಿ ಹೆಕ್ಕುವ ಹೆಂಗಸರು ಎರಡು ತಿಂಗಳು
ಕೆಸರನ್ನು ಕಾಲಬೆರಳಲ್ಲಿ ಓದಿದರು.
ಆ ವರ್ಷದ ಆಸ್ತಿಪಟ್ಟಿಯಲ್ಲಿ, ದೂಮಪ್ಪನ ಗುಂಡು ಅಕ್ಷರ:
'ಬೆಳ್ಳಿ ಕಪ್ ಒಂದು. ನದಿಯ ವಶದಲ್ಲಿದೆ.'
ಪ್ರತಿ ಮಾರ್ಚಿಗೆ ಆ ಸಾಲನ್ನು ನಕಲು ಮಾಡುತ್ತಾರೆ.
ಹತ್ತೊಂಬತ್ತು ವರ್ಷದಿಂದ ನಾನು.

ಎಪ್ಪತ್ತನಾಲ್ಕರ ನಾಲ್ಕು ಪುಟ ಅಂಟಿಕೊಂಡಿವೆ, ನೆರೆ.
ಬಿಡಿಸಲು ಹೋಗಿಲ್ಲ.

ಗೋಲಿ ಸಿಪ್ರು ಕುವೈಟಿಗೆ ಹೋದವನು
ಮರೆಯದೆ ಕಳಿಸಿದ, ಹನ್ನೊಂದು ಜೊತೆ ಬೂಟು.
ಹನ್ನೊಂದೂ ಅವನದೇ ಅಳತೆ.
ಹಳೆ ಲುಂಗಿಯ ಚೂರು ತುರುಕಿಕೊಂಡು
ಎರಡು ಸೀಸನ್ ಆಡಿದರು ಪಾಪ,
ಬಾತುಕೋಳಿಗಳ ಹಾಗೆ.

ಆಮೇಲೆ ರಾತ್ರಿಯ ಮರಳು ದೋಣಿಗಳು.
ಮೊದಲು ಹೋದದ್ದು ಪಡುವಲ ಮೂಲೆಯ ಬಾವುಟ,
ಮತ್ತೆ ಹಿರಿಯರು ಕೂರುತ್ತಿದ್ದ ತೆಂಗಿನ ಬೊಡ್ಡೆ,
ಅದರ ಮೇಲೆ ಚೂರಿಯಲ್ಲಿ ಕೆತ್ತಿದ ಸ್ಕೋರುಗಳ ಸಮೇತ.
ಹೊಸ ಜೆರ್ಸಿ ಕೊಡಿಸಿದವರೂ ಮರಳಿನವರೇ,
ಬೆನ್ನಿಗೆ ಅವರ ಹೆಸರು, ಮೊಬೈಲ್ ನಂಬರು.
ಬರೆದೆ:
ಜಮಾ, ಜೆರ್ಸಿ ಹನ್ನೊಂದು.
ಖರ್ಚು, ಕಾರ್ನರ್ ಒಂದು.
ಆಡಿಟಿಗೆ ಬಂದ ಹುಡುಗ ಕೆಂಪು ಶಾಯಿಯಲ್ಲಿ
ಪ್ರಶ್ನಾರ್ಥಕ ಹಾಕಿ ಹೋದ. ಅದು ಇದೆ ಇನ್ನೂ.

ಈಗ ಸೇತುವೆ. ಕೂಳೂರಿನಲ್ಲಿ ಹಸಿರು ಪ್ಲಾಸ್ಟಿಕ್ಕಿನ ಟರ್ಫ್,
ಗಂಟೆಗೆ ಇಷ್ಟು ಅಂತ.
ಕಾಸಿಲ್ಲದ ಭಾನುವಾರ ಏಳು ಮಕ್ಕಳು ಇಲ್ಲಿ ಬರುತ್ತಾರೆ.
ಪಡುವಲ ಕಡೆ ಕಾರ್ನರ್ ಸಿಕ್ಕಿದರೆ
ಇದ್ದಿನಬ್ಬರ ಮರಿಮಗಳು ಶಮ್ನಾ
ಮೊಣಕಾಲುದ್ದ ನೀರಿಗಿಳಿದು ಚೆಂಡು ಬಿಡುತ್ತಾಳೆ.
ಅದು ನಿಲ್ಲುವುದಿಲ್ಲ. ತೇಲಿ, ತಿರುಗಿ,
ಬಾವುಟವಿದ್ದ ಜಾಗಕ್ಕೆ ಬರುವ ತನಕ ಕಾಯುತ್ತಾಳೆ,
ಬಂದ ಕ್ಷಣ ಒದೆಯುತ್ತಾಳೆ.
ಅವಳು ಹುಟ್ಟುವ ಮೊದಲೇ ಹೋದ ಜಾಗ.
ಅಪ್ಪನ ಅಳತೆಯಲ್ಲಿ ಅದು ಸರಿ,
ಒಂದು ಜಲ್ಲೆ ಆಚೀಚೆ.

ಪಾತಿಯನ್ನು ನಿನ್ನೆ ಮಗುಚಿ ನೋಡಿದೆ.
ಹಲಗೆ ಗಟ್ಟಿಯಿದೆ, ಸಂದುಗಳು ಬಿಟ್ಟಿವೆ.
ಈ ಸಾಲಿನ ಮೊದಲ ಬರಹ:
ದೋಣಿಗೆ ಗೇರೆಣ್ಣೆ, ನೂರಾ ಅರವತ್ತು.